ಹಸಿ ಮೊಟ್ಟೆ

ಮಾರ್ಚ್ 12, 1957

ಗ್ರಾಮಸೇವಿಕೆ ಎಂದು ಈ ಸೀಗೆಕಟ್ಟೆಗೆ ಬಂದು ನಲವತ್ತು ದಿನವಾಯಿತು. ಹೇಳಿಕೊಳ್ಳುವಂಥ ಕೆಲಸ ಮಾಡಿದ್ದು ಇವತ್ತೇ ಮೊದಲು. ಮರಿಗಳು ಬಂದವು. ನೂರ ಇಪ್ಪತ್ತು ಕೋಳಿಮರಿ, ಎಲ್ಲಾ ಸೀಮೆ ತಳಿಯ ಬಿಳಿ ಲೆಗ್‌ಹಾರ್ನ್, ಮೊಟ್ಟೆಯೊಡೆದು ಎರಡೇ ದಿನದವು. ಗುಂಡ್ಲುಪೇಟೆಯಿಂದ ಊರಿನ ಪುಟ್ಟಬಸಪ್ಪನವರ ಗಾಡಿಯಲ್ಲಿ ತಂದೆ. ಒಂದು ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹಲಗೆಯ ಮೂಲಕವೂ ಬಿಸಿ ತಾಗುತ್ತಿತ್ತು.

ನಮ್ಮ ಮನೆಯಲ್ಲಿ ಕೋಳಿಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸು ಅನ್ನುತ್ತಿದ್ದಳು ಅಮ್ಮ. ತರಬೇತಿ ಕೇಂದ್ರದಲ್ಲಿ ಮೊದಲ ದಿನ ಮರಿಯನ್ನು ಅಂಗೈಗೆ ಕೊಟ್ಟಾಗ ಬೀಳಿಸಿಬಿಟ್ಟಿದ್ದೆ. ಈಗ ಬೀಳಿಸುವುದಿಲ್ಲ. ಆದರೆ ಮುಟ್ಟಿದ ಮೇಲೆ ಮೂರು ಸಲ ಸೋಪು ಹಾಕುತ್ತೇನೆ.

ಆರು ಮನೆಗಳಿಗೆ ಹತ್ತು ಹತ್ತು ಕೊಟ್ಟೆ. ಉಳಿದ ಅರವತ್ತು ಚಾವಡಿ ಪಕ್ಕದ ಶೆಡ್ಡಿನಲ್ಲಿವೆ. ಪುಸ್ತಕದಲ್ಲಿರುವ ಹಾಗೆ ನೆಲಕ್ಕೆ ಫಿನಾಯಿಲ್, ಮೇಲೆ ಒಣ ಹೊಟ್ಟು, ಕಾವಿಗೆ ಲಾಟೀನು, ಕುಡಿಯಲು ಕುದಿಸಿ ಆರಿಸಿದ ನೀರು. ಆ ಆರರಲ್ಲಿ ಕೆಳಗೇರಿಯ ಚಿಕ್ಕನಿಂಗಮ್ಮ ಎಂಬ ಮುದುಕಿಯೂ ಒಬ್ಬಳು, ಪಟ್ಟಿಯಲ್ಲಿ ಹೆಸರಿತ್ತು, ಕೊಡಬೇಕಾಯಿತು. ಆ ಹೆಂಗಸಿನ ಗುಡಿಸಲಿನಲ್ಲಿ ನಾಟಿಕೋಳಿ, ಆಡು, ಮಗ, ಸೊಸೆ ಎಲ್ಲಾ ಒಂದೇ ಸೂರಿನ ಕೆಳಗೆ. ಬಾಗಿಲಾಚೆಯೇ ನಿಂತು ಹೇಳಬೇಕಾದ್ದು ಹೇಳಿದೆ. ನಿಮ್ಮ ಕೋಳಿಗಳ ಜೊತೆ ಸೇರಿಸಬೇಡಿ, ತಿಪ್ಪೆಗೆ ಬಿಡಬೇಡಿ ಎಂದೆ. ತಲೆಯಾಡಿಸಿದಳು. ಕೇಳುವವಳಲ್ಲ ಎಂದು ಗೊತ್ತಾಯಿತು. ನೀರು ಬೇಕಾ ಅಂದಳು. ಬೇಡ ಅಂದೆ.

ಅಣ್ಣನಿಂದ ಹೋದ ವಾರದ ಕಾಗದಕ್ಕೂ ಉತ್ತರ ಬಂದಿಲ್ಲ. ಚಾಮರಾಜನಗರ ಇಲ್ಲಿಂದ ಅಷ್ಟೇನೂ ದೂರವಿಲ್ಲ, ತೆರಕಣಾಂಬಿ ದಾಟಿದರೆ ಬಂದೇ ಬಿಡುತ್ತದೆ.

ಮಾರ್ಚ್ 16

ಶೆಡ್ಡಿನಲ್ಲಿ ಹದಿನೇಳು ಸತ್ತಿವೆ. ಲಾಟೀನಿನ ಸುತ್ತ ಒಂದರ ಮೇಲೊಂದು ಬಿದ್ದುಕೊಂಡು ಕಣ್ಣು ಮುಚ್ಚುತ್ತವೆ. ಹಿಂಬದಿಯಲ್ಲಿ ಸುಣ್ಣದಂಥ ಬಿಳಿ ಭೇದಿ ಅಂಟಿಕೊಂಡಿದೆ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒಂದೊಂದನ್ನೇ ಒರೆಸಿದೆ. ಒರೆಸುತ್ತಿರುವಾಗಲೇ ಒಂದು ಸತ್ತಿತು.

ಹೊಟ್ಟು ಬದಲಾಯಿಸಿದೆ. ಮತ್ತೆ ಫಿನಾಯಿಲ್ ಹಾಕಿದೆ.

ಮಾರ್ಚ್ 17

ಇನ್ನೂ ಒಂಬತ್ತು.

ಮಾರ್ಚ್ 19

ಬೆಳಿಗ್ಗೆ ಊಟಕ್ಕೆ ಹೋದಾಗ ಪುಟ್ಟಬಸಪ್ಪನವರ ಹೆಂಡತಿ ದೊಡ್ಡಮಲ್ಲಮ್ಮ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ನಿಂತಿದ್ದರು. ಇವರ ಹಿಂದಿನ ಕೋಣೆಯಲ್ಲೇ ನನ್ನ ವಾಸ. ನಮ್ಮವರೇ, ಲಿಂಗವಂತರು, ಇಷ್ಟು ದಿನ ಒಲೆಯ ಪಕ್ಕದಲ್ಲೇ ಕೂರಿಸಿ ಬಡಿಸುತ್ತಿದ್ದರು.

"ಗುರುಸಿದ್ದವ್ವ, ಬೇಜಾರ್ ಮಾಡ್ಕಬ್ಯಾಡ ಕನವ್ವ. ಸತ್ ಕೋಳಿ ಮುಟ್ಟಿದ್ ಕೈಯಿ. ಒಳುಗ್ ಬರ್ಬ್ಯಾಡ. ಜಗ್ಲಿಗೇ ತಂದ್ಕೊಡ್ತೀನಿ."

"ಸೋಪು ಹಾಕಿ ತೊಳೆದುಕೊಂಡೇ ಬಂದಿದ್ದೇನಮ್ಮ."

"ಸೋಪ್‌ಗೆ ಓಯ್ತದಾ ಅದು?"

ಜಗಲಿಯಲ್ಲಿ ಕೂತು ಉಂಡೆ. ಬೀದಿಯಲ್ಲಿ ಹೋಗುವವರು ನೋಡಿದರು. ದೊಡ್ಡಮಲ್ಲಮ್ಮ ಕೆಟ್ಟವರಲ್ಲ, ಮೇಲೆ ಎರಡು ಸೌಟು ಮಜ್ಜಿಗೆ ಹಾಕಿದರು.

ಸತ್ತವು ಒಟ್ಟು ಮೂವತ್ತೆಂಟು.

ಮಾರ್ಚ್ 21

ಮನೆಮನೆಗೂ ಹೋಗಿ ನೋಡಿ ಬಂದೆ. ಐದು ಮನೆಗಳಲ್ಲಿ ಶೆಡ್ಡಿನದೇ ಕಥೆ. ಮುದ್ದಯ್ಯನ ಮನೆಯಲ್ಲಿ ಹತ್ತಕ್ಕೆ ಹತ್ತೂ ಹೋಗಿವೆ. "ಗೌರ್ಮೆಂಟ್ ಕೋಳಿ ಅಂದ್ರೆ ಇಷ್ಟೇಯಾ?" ಅಂದ.

ಕೊನೆಗೆ ಕೆಳಗೇರಿಗೆ ಹೋದೆ. ಚಿಕ್ಕನಿಂಗಮ್ಮನ ಅಂಗಳದಲ್ಲಿ ಬಿಳಿ ಮರಿಗಳು ಓಡಾಡುತ್ತಿದ್ದವು. ಎಣಿಸಿದೆ. ಒಂಬತ್ತು. ಒಂದು ಕೆಂಪು ನಾಟಿಕೋಳಿಯ ಹಿಂದೆ ತಿಪ್ಪೆ ಕೆದರುತ್ತಾ, ಹೊಳೆಯುವ ಕಣ್ಣಿನವು.

"ನಾನು ಏನು ಹೇಳಿದ್ದೆ?" ಎಂದೆ. ನನ್ನ ದನಿ ಜೋರಾಗಿತ್ತು.

"ಬೋದ್ರೆ ಬೋಯವ್ವ. ನಮ್ ಕೋಳಿ ಕಾವಿಗ್ ಕುಂತಿತ್ತು. ಒತ್ತು ಮುಳುಗ್ದೇಟ್ಗೆ ಒಂದೊಂದ್ನೇ ಅದ್ರ ಒಟ್ಟೆ ಕೆಳಿಕ್ ಮಡಗ್ದೆ. ತನ್ದೇ ಮರಿ ಅಂದ್ಕಬುಡ್ತು. ಒಂದೇ ಸತ್ತಿದ್ದು."

"ತಿಪ್ಪೆಯ ಹೊಲಸೆಲ್ಲಾ ತಿನ್ನುತ್ತಿವೆಯಲ್ಲ!"

"ತಾಯಿ ಕುಕ್ಕುದ್ನ ಕುಕ್ತವೆ. ಅದು ತಿಂದ್ ಗಟ್ಟಿಯಾಗಿಲ್ವಾ? ನಿನ್ ಲಾಟೀನು ಯಾನ ಕಲಿಸ್ತದವ್ವ ಅವ್ಕೆ?"

ಅವಳ ಸೊಸೆ ಮಲ್ಲಿಗಮ್ಮ ಒಳಗಿನಿಂದ ನಕ್ಕಳು. ಹದಿನೆಂಟು ಹತ್ತೊಂಬತ್ತರ ಹುಡುಗಿ. ನನಗೆ ಮೈಯೆಲ್ಲಾ ಉರಿಯಿತು. ಕೋಣೆಗೆ ಬಂದ ಮೇಲೂ ಆ ಒಂಬತ್ತು ಮರಿಗಳೇ ಕಣ್ಣ ಮುಂದೆ ಓಡಾಡಿದವು.

ಮಾರ್ಚ್ 26

ಚಾಮರಾಜನಗರದಿಂದ ಪಶುವೈದ್ಯರು ಬಂದಿದ್ದರು. ನೀಲಕಂಠಸ್ವಾಮಿ ಎಂದು ಹೆಸರು. ಸೈಕಲ್ಲಿನ ಮೇಲೆ ಕಪ್ಪು ಪೆಟ್ಟಿಗೆ. ಸತ್ತ ಮರಿಯೊಂದನ್ನು ಹಲಗೆಯ ಮೇಲೆ ಮಲಗಿಸಿ ಕತ್ತರಿಯಿಂದ ಹೊಟ್ಟೆ ಬಿಡಿಸಿದರು. "ಹತ್ತಿರ ಬನ್ನಿ, ದೂರದಿಂದ ಏನೂ ಕಾಣೋಲ್ಲ" ಅಂದರು. ಹೋದೆ. ಕರಗದೆ ಉಳಿದ ಮೊಟ್ಟೆಯ ಹಳದಿ, ಚುಕ್ಕೆ ಬಿದ್ದ ಯಕೃತ್ತು, ಕರುಳಿನ ಕೊನೆಯಲ್ಲಿ ಗಟ್ಟಿಯಾದ ಬಿಳಿ ಗಸಿ. ನಡುವೆ ಒಂದು ಸಲ ಹೊರಗೆ ಹೋಗಿ ವಾಂತಿ ಮಾಡಿಕೊಂಡು ಬಂದೆ. ಅವರು ಕಾಯುತ್ತಿದ್ದರು.

ಕಣ್ಣಿಗೆ ಕಾಣದಂಥ ಕರುಳಿನ ಕ್ರಿಮಿಯ ಕಾಯಿಲೆಯಂತೆ. ತಾಯಿಯಿಂದ ಮೊಟ್ಟೆಯೊಳಗೇ ಬರುತ್ತದೆ. ಒಂದು ಮರಿ ಹಾಕಿದ ಹಿಕ್ಕೆಯಿಂದ ಉಳಿದವಕ್ಕೂ ಹತ್ತುತ್ತದೆ. ಫಿನಾಯಿಲಿನಲ್ಲಿ ತಪ್ಪಿಲ್ಲ, ಆದರೆ ರೋಗ ಪೆಟ್ಟಿಗೆಯೊಳಗೇ ಬಂದಿತ್ತು.

ಚಿಕ್ಕನಿಂಗಮ್ಮನ ಒಂಬತ್ತು ಮರಿಗಳ ವಿಷಯ ದೂರು ಹೇಳುವ ಹಾಗೆ ಹೇಳಿದೆ. ಅವರು ಕತ್ತರಿ ಒರೆಸುವುದನ್ನು ನಿಲ್ಲಿಸಿದರು. ಅವಳ ಅಂಗಳಕ್ಕೆ ಹೋಗಿ ಮುಕ್ಕಾಲು ಗಂಟೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು.

ಬರುವಾಗ ಹೇಳಿದರು: "ಹೊಸ ಮರಿಯ ಕರುಳು ಖಾಲಿ ಮನೆ ಇದ್ದ ಹಾಗೆ. ಯಾರು ಮೊದಲು ಬಂದು ಕೂರ್ತಾರೋ ಅವರದೇ ಆಗುತ್ತೆ. ತಾಯಿಕೋಳಿಯ ಜೊತೆ ಬೆಳೆದ ಮರಿಗೆ ಅವಳ ಕರುಳಿನ ಒಳ್ಳೆ ಕ್ರಿಮಿಗಳು ಮೊದಲು ಬಂದು ಕೂತಿರಬಹುದು. ಕೆಟ್ಟದ್ದಕ್ಕೆ ಜಾಗ ಸಿಕ್ಕಿರಲಿಕ್ಕಿಲ್ಲ. ಇದು ನನ್ನ ಊಹೆ. ನಾನು ಓದಿದ ಪುಸ್ತಕದಲ್ಲಿ ಇಲ್ಲ."

ಕ್ರಿಮಿಯಲ್ಲಿ ಒಳ್ಳೆಯದು ಎಂಬುದೂ ಇರುತ್ತದೆಯೆ?

ಏಪ್ರಿಲ್ 4

ಪುಟ್ಟಬಸಪ್ಪನವರ ಮನೆ ಬಿಟ್ಟೆ. ಶೆಡ್ಡಿಗೆ ಅಂಟಿಕೊಂಡ ಕೋಣೆಗೆ ಬಂದಿದ್ದೇನೆ. ಒಂದು ಕಿಟಕಿ. ಅದರಿಂದ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ, ಬೆಳಿಗ್ಗೆ ಅದರ ತಲೆ ಇರುವುದಿಲ್ಲ, ಮಂಜು. ಮುದ್ದೆ ತಿರುವಿದೆ. ಒಬ್ಬಳಿಗೆ ಎಷ್ಟು ಹಿಟ್ಟು ಎಂದು ಇನ್ನೂ ಅಂದಾಜು ಸಿಕ್ಕಿಲ್ಲ, ದಿನಾ ಹೆಚ್ಚಾಗುತ್ತದೆ.

ಶೆಡ್ಡಿನಲ್ಲಿ ಹತ್ತೊಂಬತ್ತು ಉಳಿದಿವೆ. ಗೋಡೆಯಾಚೆ ಅವು ಸದ್ದು ಮಾಡುತ್ತವೆ. ಮೊದಮೊದಲು ನಿದ್ದೆ ಬರುತ್ತಿರಲಿಲ್ಲ.

ಜೂನ್ 20

ಬ್ಲಾಕ್ ಆಫೀಸಿನಿಂದ ಸಾಹೇಬರು ಬಂದು ಶೆಡ್ಡಿನ ಕೋಳಿಗಳನ್ನು ನೋಡಿ ಹೊಗಳಿದರು. ಇಷ್ಟು ದೊಡ್ಡ ಕಾಯಿಲೆಯಲ್ಲಿ ಹತ್ತೊಂಬತ್ತನ್ನು ಉಳಿಸಿದಿರಿ ಅಂದರು. ಹದಿನಾಲ್ಕು ಹೇಂಟೆ, ಐದು ಹುಂಜ. ಗರಿಯೆಲ್ಲಾ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಸಂತೋಷವಾಯಿತು. ಯಾರಿಗಾದರೂ ಹೇಳೋಣ ಎಂದು ಸಂಜೆ ಬಾಗಿಲಲ್ಲಿ ನಿಂತಿದ್ದೆ. ಕೆರೆಯಿಂದ ಬರುತ್ತಿದ್ದ ಚಿಕ್ಕನಿಂಗಮ್ಮ ಸಿಕ್ಕಳು. ಅವಳಿಗೇ ಹೇಳಿದೆ.

"ಆಗ್ಲವ್ವ. ನೀನು ಒಟ್ಟೆಗ್ ಯಾನಾರ ತಿಂದ್ಯಾ?" ಅಂದಳು.

ಆಗಸ್ಟ್ 30

ಗೌರಿಹಬ್ಬಕ್ಕೆ ಚಾಮರಾಜನಗರಕ್ಕೆ ಹೋಗಿ ಬಂದೆ. ನಾಲ್ಕು ದಿನ ಇರಬೇಕೆಂದು ಹೋದವಳು ಮೂರನೆಯ ದಿನವೇ ಬಸ್ಸು ಹತ್ತಿದೆ. ಮಹದೇವಣ್ಣ ಒಳ್ಳೆಯ ಮಾತೇ ಆಡಿದ. ಅತ್ತಿಗೆ ನನ್ನ ಎಲೆಯನ್ನು ನಡುಮನೆಯಲ್ಲಿ ಬೇರೆ ಹಾಕಿದಳು. ಅವಳ ತಂಗಿಯರು ಬಂದಿದ್ದರು, ಬಾಗಿನ ಕೊಡುವಾಗ ನಾನು ಹಿತ್ತಲಿಗೆ ಹೋದೆ. ಅದು ಹೊಸದೇನಲ್ಲ, ಗಂಡ ಸತ್ತಾಗಿನಿಂದ ಎಂಟು ವರ್ಷ ಹಾಗೇ. ಹೊಸದೆಂದರೆ, ಹಿತ್ತಲಲ್ಲಿ ಆಡುತ್ತಿದ್ದ ಅಣ್ಣನ ಮಗಳು ಹತ್ತಿರ ಬಂದು ನನ್ನ ಕೈ ಮೂಸಿ "ಅತ್ತೆ, ವಾಸನೆಯೇ ಇಲ್ವಲ್ಲ" ಎಂದಳು. ಯಾರು ಏನು ಹೇಳಿಕೊಟ್ಟಿದ್ದರೋ.

ನಾನು ಇಲ್ಲದಾಗ ಕೋಳಿಗಳನ್ನು ನೋಡಿಕೊಂಡದ್ದು ಮಲ್ಲಿಗಮ್ಮ. ಮೂರು ಮೊಟ್ಟೆ ಇಟ್ಟಿವೆ, ಮೊದಲ ಮೊಟ್ಟೆಗಳು! ಹುಲ್ಲಿನಲ್ಲಿ ಸುತ್ತಿ ಇಟ್ಟಿದ್ದಳು. ಅವಳು ಈಗ ಐದು ತಿಂಗಳ ಬಸುರಿ. ಕಣ್ಣಿನ ರೆಪ್ಪೆ ಎಳೆದು ನೋಡಿದೆ, ರಕ್ತವೇ ಇಲ್ಲ. ಗಂಡ ಮಾರಯ್ಯ ಬಂಡೀಪುರದ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋದರೆ ತಿಂಗಳಿಗೊಮ್ಮೆ ಬರುತ್ತಾನೆ.

ಸೆಪ್ಟೆಂಬರ್ 15

ಮಲ್ಲಿಗಮ್ಮನಿಗೆ ದಿನಾ ಒಂದು ಮೊಟ್ಟೆ ಎಂದು ಗೊತ್ತುಮಾಡಿದ್ದೇನೆ. ತರಬೇತಿಯ ಪುಸ್ತಕದಲ್ಲಿ ಗರ್ಭಿಣಿಯರ ಆಹಾರ ಎಂಬ ಪಾಠದಲ್ಲಿದೆ. ಹಸಿ ಮೊಟ್ಟೆಯನ್ನು ಹಾಲು ಬೆಲ್ಲದಲ್ಲಿ ಕದಡಿ ಕೊಟ್ಟರೆ ಬೇಗ ಮೈಗೆ ಹತ್ತುತ್ತದೆ. ನಾನೇ ಒಡೆದು ನಾನೇ ಕದಡುತ್ತೇನೆ. ಮೂಗು ಹಿಡಿದುಕೊಂಡು ಕುಡಿದು, ಮುಖ ಹಿಂಡಿ, ಆಮೇಲೆ ನಗುತ್ತಾಳೆ. ನಾನೂ ನಗುತ್ತೇನೆ.

"ಅಸೀದು ಬ್ಯಾಡ ಕನವ್ವ, ಬೇಯ್ಸಿ ಕೊಡು," ಅಂದಳು ನಿಂಗಮ್ಮ. "ನಾವು ಯಾರೂ ಅಸೀದ್ ಕುಡ್ದೋರಲ್ಲ."

"ಬೇಯಿಸಿದರೆ ಸತ್ವ ಹೋಗುತ್ತೆ, ನಿಂಗಮ್ಮ. ಪುಸ್ತಕದಲ್ಲಿದೆ."

"ಪುಸ್ತುಕ್ದಲ್ಲಿದ್ರೆ ಸರಿ."

ಸೆಪ್ಟೆಂಬರ್ 29

ಮಳೆ ಹಿಡಿದಿದೆ. ರಾಗಿ ಹೊಲಗಳು ಸೊಂಟದವರೆಗೆ. ಚಿಕ್ಕನಿಂಗಮ್ಮ ಈಗ ನನ್ನ ಬಾಯಲ್ಲೂ ನಿಂಗವ್ವ. ಅವಳ ಮನೆಯಲ್ಲಿ ಅಂಬಲಿ ಕುಡಿದು ಬಂದೆ, ಸೂರಿನ ನೀರು ನಿಲ್ಲುವವರೆಗೂ ಕೂರಿಸಿಕೊಂಡರು. ಮಲ್ಲಿಗಮ್ಮನ ಕೆನ್ನೆ ತುಂಬಿದೆ. ಹೊಟ್ಟೆಯ ಮೇಲೆ ನನ್ನ ಕೈ ಎಳೆದು ಇಟ್ಟುಕೊಂಡಳು. ಒದೆಯಿತು. ಇಪ್ಪತ್ತೇಳು ವರ್ಷಕ್ಕೆ ನಾನು ಆ ಒದೆತವನ್ನು ಮುಟ್ಟಿದ್ದು ಇದೇ ಮೊದಲು.

ಅಕ್ಟೋಬರ್ 11

ಹೆಣ್ಣು ಮಗು. ಏಳು ತಿಂಗಳಿಗೂ ಕಡಿಮೆ. ಉಳಿಯಲಿಲ್ಲ.

ಅಕ್ಟೋಬರ್ 16

ಬರೆಯಲೇಬೇಕು.

ಎಂಟನೆಯ ತಾರೀಖು ಸಂಜೆ ಅವಳಿಗೆ ವಾಂತಿ ಶುರುವಾಗಿತ್ತಂತೆ. ಬಸುರಿಯ ವಾಂತಿ ಎಂದು ಸುಮ್ಮನಿದ್ದರು. ಒಂಬತ್ತರ ಬೆಳಿಗ್ಗೆ ನಿಂಗವ್ವ ಓಡಿ ಬಂದಾಗ ನಾನು ಮುಖ ತೊಳೆಯುತ್ತಿದ್ದೆ. ಹೋಗಿ ನೋಡಿದರೆ ಮೈ ಕಾದ ಹಂಚು, ನಿಲ್ಲದ ಭೇದಿ, ನಾಲಿಗೆ ಒಣಗಿ ಹೋಗಿದೆ. ಪುಟ್ಟಬಸಪ್ಪನವರ ಬಾಗಿಲು ಬಡಿದೆ. ಕೆಳಗೇರಿಯವರಿಗೆ ಗಾಡಿ ಕೇಳಲು ಹೇಗೆ ಮಾತು ತೆಗೆಯಲಿ ಎಂದುಕೊಳ್ಳುತ್ತಿರುವಾಗಲೇ ಅವರು ಎತ್ತು ಹೂಡಿದರು. ದೊಡ್ಡಮಲ್ಲಮ್ಮ ಒಂದು ಕಂಬಳಿ ತಂದು ಗಾಡಿಗೆ ಹಾಕಿದರು.

ಗುಂಡ್ಲುಪೇಟೆಯ ಆಸ್ಪತ್ರೆಯ ಡಾಕ್ಟರು ನಾಡಿ ನೋಡುತ್ತಾ ಕೇಳಿದರು: "ಏನು ತಿಂದಿದ್ದಳು?"

ನಿಂಗವ್ವ ನನ್ನ ಮುಖ ನೋಡಿದಳು. "ಮುದ್ದೆ, ಸೊಪ್ಪು," ಅಂದಳು.

"ಬೇರೆ ಏನಾದರೂ? ಹಾಲು, ಮಾಂಸ, ಮೊಟ್ಟೆ?"

"ಇಲ್ಲ ಬುದ್ಧಿ."

ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರು ನನ್ನ ಕಡೆಗೂ ನೋಡಿದರು, ಓದಿದವಳು ಎಂದು. ನಾನು ಬಾಯಿ ಬಿಡಲಿಲ್ಲ.

ಎರಡು ದಿನ ನೀರು ಏರಿಸಿದರು. ಹನ್ನೊಂದರ ಮಧ್ಯಾಹ್ನ ನೋವು ಬಂತು. ಮಲ್ಲಿಗಮ್ಮ ಉಳಿದಳು. ಮಗುವನ್ನು ಮಾರಯ್ಯ ಬರುವ ಮೊದಲೇ ಮಣ್ಣು ಮಾಡಿದೆವು.

ಶೆಡ್ಡಿನ ಅದೇ ಮೊಟ್ಟೆಗಳನ್ನು ಕೊಂಡು ಮುದ್ದಯ್ಯನ ಮನೆಯವರು ತಿಂದಿದ್ದಾರೆ, ಶಾಲೆಯ ಮೇಷ್ಟರು ತಿಂದಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಆದರೆ ಅವರೆಲ್ಲಾ ಬೇಯಿಸಿ ತಿಂದವರು.

ಅಕ್ಟೋಬರ್ 23

ಮೊಟ್ಟೆಗಳನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದೇನೆ, ದಿನಾ ಒಂಬತ್ತು ಹತ್ತು.

ಅಕ್ಟೋಬರ್ 25

ಪಶುವೈದ್ಯರಿಗೆ ಕಾಗದ ಬರೆದೆ. ಮೂರು ಸಲ ಹರಿದು ನಾಲ್ಕನೆಯ ಸಲ ಎಲ್ಲವನ್ನೂ ಬರೆದೆ. ಆಸ್ಪತ್ರೆಯಲ್ಲಿ ಸುಮ್ಮನಿದ್ದದ್ದನ್ನೂ.

ನವೆಂಬರ್ 6

ನೀಲಕಂಠಸ್ವಾಮಿಯವರು ಬೆಳಿಗ್ಗೆಯ ಬಸ್ಸಿಗೆ ಬಂದರು. ಬಿಳಿ ಪಿಂಗಾಣಿ ಬಿಲ್ಲೆ, ನೇರಳೆ ಬಣ್ಣದ ಔಷಧದ ಸೀಸೆ, ಸೂಜಿ ತಂದಿದ್ದರು. ಒಂದು ಹನಿ ಔಷಧ, ಅದಕ್ಕೆ ಕೋಳಿಯ ರೆಕ್ಕೆಯ ನರದಿಂದ ಒಂದು ಹನಿ ರಕ್ತ, ಬಿಲ್ಲೆಯನ್ನು ಮೆಲ್ಲಗೆ ಅಲ್ಲಾಡಿಸಬೇಕು. ಕೋಳಿ ಆ ಕ್ರಿಮಿಯ ಜೊತೆ ಹೋರಾಡಿದ್ದರೆ ರಕ್ತಕ್ಕೆ ಅದರ ಗುರುತಿರುತ್ತದೆ, ಬಣ್ಣ ಒಡೆದು ಹರಳು ಹರಳಾಗುತ್ತದೆ. ಹೋರಾಡದಿದ್ದರೆ ಹಾಗೇ ನಯವಾಗಿ ಉಳಿಯುತ್ತದೆ.

ಶೆಡ್ಡಿನ ಹದಿನಾಲ್ಕು ಹೇಂಟೆಗಳಲ್ಲಿ ಹನ್ನೊಂದಕ್ಕೆ ಒಡೆಯಿತು. ಮೂರನೆಯದರ ಹೊತ್ತಿಗೆ ನಾನೇ ರಕ್ತ ತೆಗೆಯುತ್ತಿದ್ದೆ.

"ಎಷ್ಟು ಚೆನ್ನಾಗಿವೆ," ಎಂದೆ. "ಒಂದಕ್ಕೂ ಕೆಮ್ಮಿಲ್ಲ, ಭೇದಿಯಿಲ್ಲ."

"ಕಾಯಿಲೆಯಿಂದ ಎದ್ದ ಕೋಳಿ ಕಾಯಿಲೇನ ಬಿಟ್ಟಿದೆ ಅಂತ ನಾವು ತಿಳ್ಕೋತೀವಿ. ಕ್ರಿಮಿ ಕರುಳಲ್ಲಿ, ಮೊಟ್ಟೆಚೀಲದಲ್ಲಿ ಸುಮ್ಮನೆ ಕೂತಿರುತ್ತೆ. ಕೋಳಿಗೆ ಗೊತ್ತಿಲ್ಲ, ಸಾಕಿದವರಿಗೂ ಗೊತ್ತಿಲ್ಲ. ಹಿಕ್ಕೇಲಿ ಬರುತ್ತೆ, ಮೊಟ್ಟೇಲಿ ಬರುತ್ತೆ."

"ಮನುಷ್ಯರಿಗೆ?"

ಬಿಲ್ಲೆಯನ್ನು ಒರೆಸಿ ಕೆಳಗಿಟ್ಟರು. "ಮರಿಗಳನ್ನ ಕೊಂದ ಕ್ರಿಮಿ ಸಾಮಾನ್ಯವಾಗಿ ಮನುಷ್ಯರ ಗೊಡವೆಗೆ ಬರೋಲ್ಲ. ಆದರೆ ಅದರ ಅಣ್ಣತಮ್ಮಂದಿರು ಇದ್ದಾರೆ. ಈ ರಕ್ತಪರೀಕ್ಷೆಯಲ್ಲಿ ಅವರವರ ಗುರುತು ಬೇರೆ ಆಗೋಲ್ಲ. ಕರುಳಿನ ತುಂಡು ಬೆಂಗಳೂರಿಗೆ ಪರೀಕ್ಷೆಗೆ ಕಳಿಸ್ತೀನಿ. ಬೇಯಿಸಿದ್ದರೆ ಯಾವುದೂ ಉಳೀತಿರಲಿಲ್ಲ, ಅಮ್ಮ."

ಒಡೆದ ಹನ್ನೊಂದನ್ನೂ ಕೊಲ್ಲಬೇಕೆಂದರು. ಸುದ್ದಿ ಕೇಳಿ ಮುದ್ದಯ್ಯ ಬಂದ. "ದಿನಾ ಮೊಟ್ಟೆ ಇಕ್ಕ ಕೋಳಿ ಕನವ್ವ! ಮಣ್ಗಾಕೀರಾ? ಕೊಡಿ, ಸಾರ್ ಮಾಡ್ಕತೀವಿ." ಕೊಡಲಿಲ್ಲ. ಬೈದುಕೊಂಡು ಹೋದ. ಕೊಲ್ಲಲು ಯಾರೂ ಮುಂದೆ ಬರಲಿಲ್ಲ. ಡಾಕ್ಟರು ಹೇಗೆಂದು ತೋರಿಸಿದರು. ಕಾಲು ಹಿಡಿದು, ಕತ್ತನ್ನು ಕೆಳಕ್ಕೆಳೆದು, ಹಿಂದಕ್ಕೆ ತಿರುವಬೇಕು. ಅರ್ಧ ನಾನೇ ಮಾಡುತ್ತೇನೆ ಅಂದರು. ಬೇಡ ಅಂದೆ. ಮೊದಲನೆಯದಕ್ಕೆ ಎರಡು ಸಲ ಎಳೆಯಬೇಕಾಯಿತು. ಹನ್ನೊಂದನೆಯದರ ಹೊತ್ತಿಗೆ ಕೈ ಕಲಿತುಬಿಟ್ಟಿತ್ತು. ನನಗೆ ಹೇಸಿಗೆಯಾದದ್ದು ಅದಕ್ಕೆ.

ಆಮೇಲೆ ಮನೆಮನೆಯ ಕೋಳಿಗಳ ಪರೀಕ್ಷೆ. ನಿಂಗವ್ವನ ಹಿಂಡಿನಲ್ಲಿ ಒಂದಕ್ಕೆ ಒಡೆಯಿತು. ಅವಳೇ ಹಿಡಿದು ತಂದು ಕೊಟ್ಟಳು. ಮಲ್ಲಿಗಮ್ಮ ಒಳಗಿದ್ದಳು, ಹೊರಗೆ ಬರಲಿಲ್ಲ.

ನವೆಂಬರ್ 23

ಬೆಂಗಳೂರಿನಿಂದ ಬಂದ ಉತ್ತರವನ್ನು ನೀಲಕಂಠಸ್ವಾಮಿಯವರು ನಕಲು ಮಾಡಿ ಕಳಿಸಿದ್ದಾರೆ. ಎರಡು ಕೋಳಿಗಳ ಕರುಳಿನಲ್ಲಿ ಮನುಷ್ಯರಿಗೂ ತಗಲುವ ಜಾತಿಯ ಕ್ರಿಮಿ ಸಿಕ್ಕಿದೆ. ಕೆಳಗೆ ತಮ್ಮ ಕೈಬರಹದಲ್ಲಿ ಬರೆದಿದ್ದಾರೆ: 'ಇದರಿಂದಲೇ ಆಯಿತೆಂದು ಹೇಳಲಾಗದು. ಅಲ್ಲವೆಂದೂ ಹೇಳಲಾಗದು. ಆಕೆಗೆ ತಿಳಿಸುವುದು ಬಿಡುವುದು ತಮಗೆ ಬಿಟ್ಟದ್ದು.'

ನವೆಂಬರ್ 24

ಹೋಗಿ ಹೇಳಿದೆ.

ಮಲ್ಲಿಗಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತೆ. ನಾನು ಕೊಟ್ಟ ಮೊಟ್ಟೆಯಿಂದ ಆಗಿರಬಹುದು ಎಂದೆ. ಬೇಯಿಸಿ ಕೊಡು ಎಂದು ನಿನ್ನ ಅತ್ತೆ ಹೇಳಿದ್ದಳು, ಕೇಳಲಿಲ್ಲ ಎಂದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಸುಮ್ಮನಿದ್ದೆ ಎಂದೆ. ಹೇಳಲು ಎಷ್ಟೋ ದಿನದಿಂದ ಮಾತು ಜೋಡಿಸಿಕೊಂಡಿದ್ದೆ, ಮೂರೇ ಮಾತಾಯಿತು.

ಅವಳ ಬೆರಳು ಮೊರದ ಮೇಲೇ ನಿಂತಿತು.

"ನೀವು ಬೇಕಂತ ಕೊಟ್ರಾ?"

"ಇಲ್ಲ."

"ಮತ್ತೆ ಯಾಕ್ ಬಂದು ಏಳ್ತಿದ್ದೀರಿ? ನಾನು ನಂದೇ ಕರ್ಮ ಅಂದ್ಕಂಡು ಸುಮ್ಕಿದ್ದೆ."

ಎದ್ದು ಒಳಗೆ ಹೋದಳು. ಹುರುಳಿ ಚೆಲ್ಲಿತು. ಆರಿಸಲು ಬಗ್ಗಿದೆ. "ಬುಡಿ, ಮುಟ್ಬ್ಯಾಡಿ," ಅಂದಳು ಒಳಗಿನಿಂದಲೇ.

ನಿಂಗವ್ವ ಓಣಿಯ ಕೊನೆಯವರೆಗೆ ಬಂದಳು. ಹುಣಸೆಮರದ ಹತ್ತಿರ ನಿಂತು ಅವಳೇ ಹೇಳಿದಳು: "ಆವತ್ತು ಡಾಕ್ಟ್ರು ಕೇಳ್ದಾಗ ನಂಗೂ ಬಾಯ್ಗಂಟ ಬಂದಿತ್ತು ಕನವ್ವ. ಮೊಟ್ಟೆ ಅಂದ್ಬುಟ್ರೆ ನಿನ್ ಕೆಲ್ಸ ಓಯ್ತದೆ. ಇಲ್ಲಿಂದ ನಿನ್ನ ಕಳ್ಸುದ್ರೆ ನೀ ಎಲ್ಲಿಗ್ ಓದೀಯೆ? ಅಬ್ಬುಕ್ ಓಗಿ ಮೂರೇ ದಿನುಕ್ಕೆ ಬಂದೋಳು."

"ನಿನಗೆ ಆಗಲೇ ಗೊತ್ತಿತ್ತಾ?"

"ಗೊತ್ತು ಅಂದ್ರೆ ಯಾನ? ನಂಗೂ ಅನುಮಾನ. ನಿನ್ ಮೊಕದ್ ಮೇಲೇ ಇತ್ತಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನೂ ತಪ್ಪೇ ಮಾಡ್ದೆ. ಡಾಕ್ಟ್ರಿಗೆ ನಿಜ ಗೊತ್ತಿದ್ರೆ ಔಸ್ತಿ ಬ್ಯಾರೆ ಕೊಡ್ತಿದ್ರೋ ಏನೋ."

ಡಿಸೆಂಬರ್ 4

ಹತ್ತು ದಿನ. ಕೆಳಗೇರಿಯಿಂದ ಯಾರೂ ಬಂದಿಲ್ಲ. ಮುದ್ದೆಗೆ ಹಿಟ್ಟಿನ ಅಂದಾಜು ಈಗ ತಪ್ಪುವುದಿಲ್ಲ.

ಡಿಸೆಂಬರ್ 9

ಮಹದೇವಣ್ಣನ ಕಾಗದ. ಚಾಮರಾಜನಗರದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸವಿದೆಯಂತೆ, ಕೋಳಿ ಗೀಳಿ ಬಿಟ್ಟು ಬಾ ಎಂದಿದ್ದಾನೆ. ಉತ್ತರ ಬರೆಯಬೇಕು.

ಪಶುವೈದ್ಯರಿಂದಲೂ ಕಾಗದ ಬಂದಿದೆ. ರಕ್ತ ಪರೀಕ್ಷೆ ಮಾಡಿದ ಕೋಳಿಗಳ ಮೊಟ್ಟೆಯಿಂದ ಬಂದ ಅರವತ್ತು ಮರಿಗಳನ್ನು ಹದಿನೈದಕ್ಕೆ ಕಳಿಸುತ್ತಾರೆ. ನಿಂಗಮ್ಮನ ರೀತಿಯಲ್ಲೇ ಸಾಕಿ ನೋಡೋಣ, ನಾಟಿಕೋಳಿಗಳ ಹೊಟ್ಟೆಯ ಕೆಳಗೆ ಎಂದಿದ್ದಾರೆ. ಪರೀಕ್ಷೆಯಲ್ಲಿ ಪಾಸಾದ, ಕಾವಿಗೆ ಕೂತ ಐದು ಕೋಳಿ ಬೇಕು. ನನಗೆ ಯಾರು ಕೊಡುತ್ತಾರೆ?

ಡಿಸೆಂಬರ್ 15

ಮರಿಗಳು ಬಂದವು. ಮಧ್ಯಾಹ್ನದವರೆಗೆ ಬೀದಿ ಬೀದಿ ತಿರುಗಿದೆ. ನಮ್ಮದೂ ಸತ್ತರೆ ಅಂದರು. ಮುದ್ದಯ್ಯ ಮುಖ ತಿರುಗಿಸಿದ. ಮೂರು ಗಂಟೆಯ ಹೊತ್ತಿಗೆ ನಿಂಗವ್ವ ಬಂದಳು, ಕಂಕುಳಲ್ಲಿ ಒಂದು ಕೋಳಿ, ಹಿಂದೆ ಅವರ ಓಣಿಯ ನಾಲ್ಕು ಜನ ಹೆಂಗಸರು, ಅವರ ಕಂಕುಳಲ್ಲೂ ಒಂದೊಂದು.

"ನಿಂಗಲ್ಲ ಕೊಡ್ತಿರದು," ಅಂದಳು. "ಮರಿಗಳ್ಗೆ."

ಹೊತ್ತು ಮುಳುಗುವಾಗ ಒಂದೊಂದನ್ನೇ ಹೊಟ್ಟೆಯ ಕೆಳಗೆ ಸೇರಿಸುವುದನ್ನು ಹೇಳಿಕೊಟ್ಟಳು. ಕೈಯನ್ನು ಮೊದಲು ಕೋಳಿಯ ಹೊಟ್ಟೆಯಡಿ ಇಟ್ಟು ಬಿಸಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕುಕ್ಕುತ್ತದೆ. ಒಂದು ಕೋಳಿ ನನ್ನನ್ನು ಕುಕ್ಕಿತು. ರಕ್ತ ಬಂತು.

ಡಿಸೆಂಬರ್ 22

ಏಳು ದಿನ. ಸತ್ತದ್ದು ಎರಡು. ಉಳಿದ ಐವತ್ತೆಂಟು ಶೆಡ್ಡಿನ ಮುಂದಿನ ತಿಪ್ಪೆಯಲ್ಲಿ ತಾಯಂದಿರ ಹಿಂದೆ ಹಿಂದೆ ಓಡಾಡುತ್ತಿವೆ. ಪಶುವೈದ್ಯರಿಗೆ ಬರೆದೆ.

ಡಿಸೆಂಬರ್ 24

ಮಧ್ಯಾಹ್ನ ಬಾಗಿಲ ಹತ್ತಿರ ಬೆಳಕಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೆ. ನೆರಳು ಬಿತ್ತು. ಮಲ್ಲಿಗಮ್ಮ. ಒಂದು ತಿಂಗಳ ಮೇಲೆ ಮುಖ ನೋಡಿದ್ದು. ಒಳಗೆ ಬಾ ಅಂದೆ. ಹೊಸ್ತಿಲ ಮೇಲೆ ಕೂತಳು. ಸ್ವಲ್ಪ ಹೊತ್ತು ಮರಿಗಳನ್ನು ನೋಡಿದಳು.

"ಯಾನ ಬರೀತಿದ್ದೀರಿ?"

"ದಿನಾ ನಡೆದದ್ದು."

"ನನ್ ಮಗಿಂದೂ ಬರ್ದಿದ್ದೀರಾ?"

"ಬರೆದಿದ್ದೇನೆ."

"ಎಸರು ಬರ್ದಿದ್ದೀರಾ?"

ಹೆಸರಿಟ್ಟಿದ್ದರೆಂದೇ ನನಗೆ ಗೊತ್ತಿರಲಿಲ್ಲ. ಹಾಗೆಂದೆ.

"ಚಾಮುಂಡಿ ಅಂತ. ನಮ್ಮತ್ತೆ ಕಿವೀಲಿ ಕೂಗಿದ್ರು, ಬಿಸಿ ಇರ್ವಾಗ್ಲೇ. ಬರೀರಿ. ನಮ್ಮಲ್ಲಿ ಯಾರ್ಗೂ ಬರಿಯಾಕ್ ಬರಾಕಿಲ್ಲ."

ಬರೆದೆ. ಚಾಮುಂಡಿ. ತಾಯಿ ಮಲ್ಲಿಗಮ್ಮ, ತಂದೆ ಮಾರಯ್ಯ. ಅವಳು ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಯಾವುದೆಂದು ಕೇಳಿದಳು. ತೋರಿಸಿದೆ. ಮೂರು ಅಕ್ಷರದ ಮೇಲೆ ಬೆರಳಿಟ್ಟಳು. ಶಾಯಿ ಆರಿರಲಿಲ್ಲ, ಬೆರಳಿಗೆ ಹತ್ತಿತು. ಒರೆಸಿಕೊಳ್ಳಲಿಲ್ಲ.

"ಒಂದ್ಸಲ ಅತ್ಲು," ಅಂದಳು. "ಅದ್ನೂ ಬರೀರಿ."

ಒಂದು ಸಲ ಅತ್ತಳು. ನಾನು ಆ ಹೊತ್ತಿನಲ್ಲಿ ಆಸ್ಪತ್ರೆಯ ಹೊರಗೆ ಬೇವಿನಮರದ ಕೆಳಗೆ ನಿಂತಿದ್ದೆ, ನನಗೆ ಕೇಳಿಸಲಿಲ್ಲ.